ಕಬ್ಬಾಲಾ ಓದುವವರು ಎಲ್ಲಿಂದ ತೊಡಗಬೇಕು?



ಕಳೆದ ಶ್ರಾವಣದ ಒಂದು ಮಧ್ಯಾಹ್ನ, ಪ್ರಸಾದವಾದ ಮೇಲೆ ಮಠದ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ಹೊದಿಕೆ ಹಾಕುತ್ತ ಕುಳಿತಿದ್ದೆ. ಇಪ್ಪತ್ತೈದರ ಆಸುಪಾಸಿನ ಯುವಕರೊಬ್ಬರು ಬಂದು, ಬಹಳ ಸಂಕೋಚದಿಂದ, ಕಬ್ಬಾಲಾ ಕುರಿತು ಓದಬೇಕೆಂದಿದ್ದೇನೆ, ಎಲ್ಲಿಂದ ತೊಡಗಬೇಕು ಎಂದು ಕೇಳಿದರು. ಅದರ ಬೆನ್ನಲ್ಲೇ ಧ್ವನಿ ತಗ್ಗಿಸಿ, "ಬರೀ ತತ್ತ್ವ ಅಲ್ಲ, ಪ್ರಯೋಗವೂ ಇರುವಂಥದ್ದು" ಎಂದರು. ಮಠದ ಗ್ರಂಥಾಲಯದಲ್ಲಿ ಇಂಥ ಪ್ರಶ್ನೆಯೇ ಎಂದು ಭಕ್ತರು ಹುಬ್ಬೇರಿಸಬಹುದು. ನಾನು ಹುಬ್ಬೇರಿಸಲಿಲ್ಲ. ಆರು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ, ಇದೇ ಪ್ರಶ್ನೆಯನ್ನು ಯಾರನ್ನೂ ಕೇಳಲಾರದೆ, ನನ್ನಷ್ಟಕ್ಕೆ ಉತ್ತರ ಹುಡುಕಲು ಹೊರಟು ತಪ್ಪು ತುದಿಯಿಂದ ಓದತೊಡಗಿದವನು ನಾನು. ಅವರಿಗೆ ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಹೇಳುವೆ.

ಆ ವರ್ಷ ನಿವೃತ್ತ ಅಧ್ಯಾಪಕರೊಬ್ಬರ ಮನೆಯವರು ಮಠಕ್ಕೆ ಮೂರು ಪೆಟ್ಟಿಗೆ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಮ್ಯಾಕ್‌ಗ್ರೆಗರ್ ಮೇದರ್ಸ್ ಎಂಬಾತನ 'ದಿ ಕಬ್ಬಾಲಾ ಅನ್‌ವೇಲ್ಡ್' ಎಂಬ ಇಂಗ್ಲಿಷ್ ಗ್ರಂಥವಿತ್ತು. ಅದು ಮೊದಲು ಅಚ್ಚಾದದ್ದು 1887ರಲ್ಲಿ. ಕ್ನೋರ್ ಫಾನ್ ರೋಸೆನ್‌ರೋತ್ ಎಂಬ ಜರ್ಮನ್ ವಿದ್ವಾಂಸ 1677 ಮತ್ತು 1684ರ ನಡುವೆ ಹೊರತಂದ ಲ್ಯಾಟಿನ್ ಸಂಕಲನವೇ ಅದಕ್ಕೆ ಆಕರ. ಅರಾಮೈಕ್ ಭಾಷೆಯಿಂದ ಲ್ಯಾಟಿನ್ನಿಗೆ, ಲ್ಯಾಟಿನ್ನಿನಿಂದ ಇಂಗ್ಲಿಷಿಗೆ, ಅಲ್ಲಿಂದ ನನ್ನ ತಲೆಯ ಕನ್ನಡಕ್ಕೆ: ಮೂರು ಮನೆ ದಾಟಿ ಬಂದ ಮಜ್ಜಿಗೆ ಎಷ್ಟು ತೆಳುವಾಗಿರಬಹುದೋ ಅಷ್ಟು ತೆಳುವಾಗಿತ್ತು ನನ್ನ ಅರ್ಥ. ಸಾಲದೆಂಬಂತೆ ಮೇದರ್ಸ್ ಆಯ್ದುಕೊಂಡದ್ದು ಜೋಹರ್ ಎಂಬ ಮಹಾಗ್ರಂಥದ ಅತ್ಯಂತ ಕಠಿಣ ಭಾಗಗಳನ್ನು. ಪರಮಾತ್ಮನ ಮುಖ, ಗಡ್ಡದ ಒಂದೊಂದು ಎಳೆಗಳ ವಿವರಣೆ ಪುಟಗಟ್ಟಲೆ ಸಾಗುತ್ತದೆ. ಅರ್ಥವಾಗದಿದ್ದಷ್ಟೂ ಅದರಲ್ಲಿ ಏನೋ ಇದೆಯೆಂಬ ನನ್ನ ನಂಬಿಕೆ ಬಲವಾಗುತ್ತಿತ್ತು. ಎಂ.ಎ. ಮುಗಿಸಿದವನಿಗೂ ಹೀಗಾಗುತ್ತದೆ.

ಕಾರಣವಿತ್ತು. ಅದರ ಹಿಂದಿನ ವರ್ಷ ನಮ್ಮ ಮೊದಲ ಕೂಸು ಏಳನೆಯ ತಿಂಗಳಲ್ಲಿ ಉಳಿಯಲಿಲ್ಲ. ನನ್ನ ಮಡದಿ ಪುನಃ ಗರ್ಭಿಣಿಯಾಗಿದ್ದಳು. ವೈದ್ಯರು ಹೇಳಬೇಕಾದುದನ್ನೆಲ್ಲ ಹೇಳಿದ್ದರು, ನಾವು ಮಾಡಬೇಕಾದುದನ್ನೆಲ್ಲ ಮಾಡುತ್ತಿದ್ದೆವು. ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಮನುಷ್ಯನಿಗೆ ಕೈಗೆ ಹಿಡಿದುಕೊಳ್ಳಲು ಏನಾದರೊಂದು ಬೇಕೆನಿಸುತ್ತದೆ. ಸಮೀಪದಲ್ಲಿರುವುದನ್ನು ಹಿಡಿಯಲು ನನಗೆ ನಾಚಿಕೆ. ಮಠದಲ್ಲಿ ವಚನ ವ್ಯಾಖ್ಯಾನ ಬರೆಯುವವನು ಊರಿನ ತಾಯಿತದವನ ಬಾಗಿಲಲ್ಲಿ ನಿಂತರೆ ನೋಡಿದವರು ಏನೆಂದಾರು? ಆದುದರಿಂದ ಯಾರಿಗೂ ಓದಲು ಬಾರದ ಲಿಪಿಯ, ದೂರದೇಶದ ತಾಯಿತ ನನಗೆ ಹಿತವೆನಿಸಿತು. ಒಬ್ಬನೇ ಇರುವಾಗ ಹೀಬ್ರೂವಿನ 'ಸೆಫೆರ್ ರಜಿಯೇಲ್' ಎಂಬ ಗ್ರಂಥದ ಛಾಯಾಚಿತ್ರಗಳನ್ನು ತೆರೆದು ನೋಡುತ್ತಿದ್ದೆ. 1701ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಗ್ರಂಥವದು. ಮನೆಯಲ್ಲಿ ಅದರ ಪ್ರತಿಯಿದ್ದರೆ ಬೆಂಕಿ ಬೀಳದೆಂದು ಯೆಹೂದ್ಯರು ನಂಬುತ್ತಿದ್ದರಂತೆ. ಅದರ ಒಂದು ಪುಟದಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಲಿಲಿತ್ ಎಂಬ ಪೀಡೆಯಿಂದ ಕಾಯುವ ಯಂತ್ರವಿದೆ: ಸನ್ವಿ, ಸನ್ಸನ್ವಿ, ಸೆಮಂಗೆಲಾಫ್ ಎಂಬ ಮೂವರು ದೇವದೂತರ ಹೆಸರುಗಳು, ಮಕ್ಕಳು ಗೀಚಿದಂತಿರುವ ಮೂರು ಆಕೃತಿಗಳು. ನಾನು ಅದನ್ನು ಒಂದು ಕಾಗದದಲ್ಲಿ ಕಪ್ಪುಮಸಿಯಿಂದ ನಕಲು ಮಾಡಿ, ನಾಲ್ಕು ಮಡಿಕೆ ಮಾಡಿ, ಮಡದಿಯ ದಿಂಬಿನ ಕೆಳಗೆ ಇಟ್ಟೆ. ಅವಳಿಗೆ ಹೇಳಲಿಲ್ಲ.

ಇಷ್ಟು ನನ್ನ ಕಥೆ. ಮುಂದಿನದನ್ನು ಆಮೇಲೆ ಹೇಳುತ್ತೇನೆ. ಈಗ ಓದಿನ ಮಾತಿಗೆ ಬರೋಣ.

ಜಿಜ್ಞಾಸುಗಳು ಮೊದಲು ತಿಳಿಯಬೇಕಾದುದು, ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ ಎಂಬುದು. ಒಂದು, ಯೆಹೂದ್ಯರ ಧರ್ಮದೊಳಗೆ ಹುಟ್ಟಿ ಬೆಳೆದ ಅನುಭಾವ ಪರಂಪರೆ; ಕಬ್ಬಾಲಾ ಎಂಬ ಹೀಬ್ರೂ ಪದಕ್ಕೆ 'ಸ್ವೀಕರಿಸಿದುದು' ಎಂದೇ ಅರ್ಥ, ಅಂದರೆ ಗುರುವಿನಿಂದ ಶಿಷ್ಯನಿಗೆ ಬಂದುದು. ಎರಡು, ಹದಿನೈದನೆಯ ಶತಮಾನದಿಂದ ಯುರೋಪಿನ ಕ್ರೈಸ್ತ ವಿದ್ವಾಂಸರು ಅದನ್ನು ತಮಗೆ ಬೇಕಾದಂತೆ ತೆಗೆದುಕೊಂಡು ಕಟ್ಟಿದ ಗೂಢ ತತ್ತ್ವಶಾಸ್ತ್ರ. ಮೂರು, ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನ ಗುಪ್ತ ಮಂಡಲಿಗಳು ಅದಕ್ಕೆ ಟ್ಯಾರೋ ಎಲೆಗಳನ್ನೂ ಜ್ಯೋತಿಷವನ್ನೂ ಸೇರಿಸಿ ಮಾಡಿದ ಪಾಕ. ನನ್ನ ಮೇದರ್ಸ್ ಈ ಮೂರನೆಯ ಮನೆಯವನು. 1888ರಲ್ಲಿ ಲಂಡನ್ನಿನಲ್ಲಿ 'ಗೋಲ್ಡನ್ ಡಾನ್' ಮಂಡಲಿಯನ್ನು ಸ್ಥಾಪಿಸಿದ ಮೂವರಲ್ಲೊಬ್ಬ. ಪೇಟೆಯಲ್ಲಿ ಸಿಗುವ ಬಹುಪಾಲು ಪುಸ್ತಕಗಳು ಇವರ ಮೊಮ್ಮಕ್ಕಳು. ಮೂರನೆಯ ಮನೆಯಿಂದ ಒಳಹೊಕ್ಕವನಿಗೆ ಮೊದಲ ಮನೆ ಇದೆಯೆಂಬುದೇ ಎಷ್ಟೋ ಕಾಲ ತಿಳಿಯದು.

ಆದಕಾರಣ ನಾನು ಆ ಯುವಕರ ಕೈಗೆ ಮೊದಲು ಕೊಟ್ಟದ್ದು ಯೋಸೆಫ್ ಡಾನ್ ಅವರ ಚಿಕ್ಕ ಪುಸ್ತಕ. 2006ರಲ್ಲಿ ಆಕ್ಸ್‌ಫರ್ಡ್ 'ವೆರಿ ಶಾರ್ಟ್ ಇಂಟ್ರೊಡಕ್ಷನ್' ಮಾಲೆಯಲ್ಲಿ ಬಂದುದು, ಎರಡು ದಿನದಲ್ಲಿ ಓದಿ ಮುಗಿಸಬಹುದು. ಕಬ್ಬಾಲಾ ಎಂಬ ಶಬ್ದ ಯಾವ ಕಾಲದಲ್ಲಿ ಯಾರ ಬಾಯಲ್ಲಿ ಯಾವ ಅರ್ಥ ಪಡೆಯಿತು ಎಂಬುದನ್ನು ಅವರು ಬಿಡಿಸಿಡುತ್ತಾರೆ. ಅದರ ಜೊತೆಗೆ ಡೇನಿಯಲ್ ಮ್ಯಾಟ್ ಅವರ 'ದಿ ಎಸೆನ್ಷಿಯಲ್ ಕಬ್ಬಾಲಾ' (1995). ಅದು ಮೂಲ ಗ್ರಂಥಗಳಿಂದ ಆಯ್ದ ತುಣುಕುಗಳ ಅನುವಾದ. ಚರಿತ್ರೆ ಒಂದು ಕೈಯಲ್ಲಿ, ಮೂಲದ ರುಚಿ ಇನ್ನೊಂದು ಕೈಯಲ್ಲಿ ಇದ್ದರೆ ಓದುಗ ಎಡವುವುದು ಕಡಿಮೆ.

ಇವೆರಡರ ನಂತರ ಗೆರ್ಶೋಮ್ ಶೋಲೆಮ್. ಇವರನ್ನು ಕುರಿತು ನನಗೆ ಸ್ವಲ್ಪ ಹೆಚ್ಚಿನ ಪ್ರೀತಿ, ಏಕೆಂದರೆ ಅವರೂ ಗ್ರಂಥಪಾಲಕರಾಗಿದ್ದವರು. 1897ರಲ್ಲಿ ಬರ್ಲಿನ್ನಿನಲ್ಲಿ ಜನಿಸಿ, 1923ರಲ್ಲಿ ಜೆರುಸಲೇಮಿಗೆ ಹೋಗಿ, ಅಲ್ಲಿನ ಗ್ರಂಥಾಲಯದ ಹೀಬ್ರೂ ವಿಭಾಗವನ್ನು ನೋಡಿಕೊಳ್ಳುತ್ತ ಕಬ್ಬಾಲಾ ಹಸ್ತಪ್ರತಿಗಳನ್ನು ಒಂದೊಂದಾಗಿ ಓದಿದವರು. ಅವರ ತಾರುಣ್ಯದ ಒಂದು ಪ್ರಸಂಗವನ್ನು ಅವರೇ ಬರೆದುಕೊಂಡಿದ್ದಾರೆ. ಕಬ್ಬಾಲಾ ತಜ್ಞರೆಂದು ಹೆಸರಾದ ಒಬ್ಬ ವೃದ್ಧ ವಿದ್ವಾಂಸರ ಮನೆಗೆ ಹೋಗಿ, ಕಪಾಟಿನ ತುಂಬ ಇದ್ದ ಹಸ್ತಪ್ರತಿಗಳನ್ನು ಕಂಡು ಬೆರಗಾಗಿ ಮಾತನಾಡಿದಾಗ, ಈ ಕಸವನ್ನೆಲ್ಲ ನಾನು ಓದಲೂ ಬೇಕೇ ಎಂದು ಆ ಹಿರಿಯರು ಕೇಳಿದರಂತೆ! ಶೋಲೆಮ್ ಓದಿದರು. 1938ರಲ್ಲಿ ನ್ಯೂಯಾರ್ಕಿನಲ್ಲಿ ಕೊಟ್ಟ ಉಪನ್ಯಾಸಗಳು 1941ರಲ್ಲಿ 'ಮೇಜರ್ ಟ್ರೆಂಡ್ಸ್ ಇನ್ ಜ್ಯೂಯಿಶ್ ಮಿಸ್ಟಿಸಿಸಂ' ಎಂಬ ಗ್ರಂಥವಾಗಿ ಬಂದವು. ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗಲಾಗದು. ಅವರ ನಿಲುವುಗಳನ್ನು ಪ್ರಶ್ನಿಸಿದ ಮೋಶೆ ಇದೆಲ್ ಅವರ 'ಕಬ್ಬಾಲಾ: ನ್ಯೂ ಪರ್ಸ್ಪೆಕ್ಟಿವ್ಸ್' (1988) ಅದರ ನಂತರ ಬರಲಿ. ಶೋಲೆಮ್ ತತ್ತ್ವವನ್ನೂ ಸಂಕೇತವನ್ನೂ ಹೆಚ್ಚು ನೋಡಿದರೆ, ಇದೆಲ್ ಸಾಧಕರ ಅನುಭವವನ್ನೂ ಆಚರಣೆಯನ್ನೂ ಮುಂದಿಡುತ್ತಾರೆ.

ಈ ಗ್ರಂಥಗಳಿಂದ ನನಗೆ ದೊರೆತ ನಕ್ಷೆ ಸಂಕ್ಷೇಪವಾಗಿ ಹೀಗಿದೆ. ಮೊದಲಿಗೆ 'ಸೆಫೆರ್ ಯೆತ್ಸಿರಾ' ಎಂಬ ಅತಿ ಚಿಕ್ಕ ಪ್ರಾಚೀನ ಗ್ರಂಥ. ಹತ್ತು ಸೆಫಿರೋತ್ ಮತ್ತು ಹೀಬ್ರೂವಿನ 22 ಅಕ್ಷರಗಳಿಂದ ಸೃಷ್ಟಿಯಾಯಿತೆಂದು ಸಾರುವುದು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಫ್ರಾನ್ಸಿನ ಪ್ರೊವೆನ್ಸ್ ಪ್ರಾಂತದಲ್ಲಿ 'ಬಾಹಿರ್' ಕಾಣಿಸಿಕೊಂಡಿತು. ಕನ್ನಡದ ಕಿವಿಗೆ ಇದು ಹೊರಗಿನದೆಂದು ಕೇಳಿಸಿದರೂ ಹೀಬ್ರೂವಿನಲ್ಲಿ 'ಪ್ರಕಾಶಮಾನ'ವೆಂದು ಅರ್ಥ. ಅಲ್ಲಿಂದ ಸ್ಪೇನಿನ ಜೆರೋನಾ, ಅಲ್ಲಿಂದ ಕ್ಯಾಸ್ಟೀಲ್. ಅನಂತವೂ ಅವರ್ಣನೀಯವೂ ಆದ 'ಐನ್ ಸೋಫ್', ಅದರಿಂದ ಹೊಮ್ಮುವ ಹತ್ತು ಸೆಫಿರೋತ್ ಎಂಬ ಕಲ್ಪನೆ ಇಲ್ಲಿ ನೆಲೆಗೊಂಡಿತು. 1492ರಲ್ಲಿ ಯೆಹೂದ್ಯರನ್ನು ಸ್ಪೇನಿನಿಂದ ಹೊರದೂಡಿದ ಬಳಿಕ ಗಲಿಲಿಯ ಸಫೇದ್ ಎಂಬ ಗುಡ್ಡದೂರು ಕೇಂದ್ರವಾಯಿತು. ಅಲ್ಲಿ ಐಸಾಕ್ ಲೂರಿಯಾ 1570ರಿಂದ 1572ರಲ್ಲಿ ತೀರಿಕೊಳ್ಳುವವರೆಗೆ ಎರಡು ವರ್ಷ ಮಾತ್ರ ಬೋಧಿಸಿದ. ತಾನು ಹೆಚ್ಚೇನೂ ಬರೆಯಲಿಲ್ಲ. ಶಿಷ್ಯ ಹಯೀಮ್ ವಿಟಾಲ್ ಬರೆದಿಟ್ಟ. ದೇವರು ತನ್ನನ್ನು ತಾನೇ ಕುಗ್ಗಿಸಿಕೊಂಡು ಸೃಷ್ಟಿಗೆ ಎಡೆ ಮಾಡಿಕೊಟ್ಟ, ಬೆಳಕನ್ನು ಹಿಡಿಯಬೇಕಿದ್ದ ಪಾತ್ರೆಗಳು ಒಡೆದವು, ಚದುರಿದ ಕಿಡಿಗಳನ್ನು ಮನುಷ್ಯನು ತನ್ನ ನಡೆಯಿಂದ ಮೇಲೆತ್ತಬೇಕು ಎಂಬುದು ಆ ಬೋಧೆಯ ತಿರುಳು. ಇದನ್ನು ಓದಿದ ರಾತ್ರಿ, ಕೂಸನ್ನು ಕಳೆದುಕೊಂಡ ಮನೆಯಲ್ಲಿ, ನಾನು ಬಹಳ ಹೊತ್ತು ದೀಪ ಆರಿಸಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ. ಉತ್ಸಾಹದಲ್ಲಿ ನಾನು ಷಟ್‌ಸ್ಥಲಕ್ಕೂ ಸೆಫಿರೋತ್‌ಗೂ ಹೊಂದಾಣಿಕೆ ಮಾಡಿ ಹನ್ನೆರಡು ಪುಟದ ಲೇಖನ ಬರೆದಿದ್ದೆ. ಆರನ್ನು ಹತ್ತಕ್ಕೆ ಹೊಂದಿಸಲು ಮಾಡಿದ ಕಸರತ್ತನ್ನು ನೆನೆದರೆ ಈಗ ನಗು ಬರುತ್ತದೆ. ಮಠದ ಹಿರಿಯರೊಬ್ಬರು ಅದನ್ನು ಓದಿ, ಎರಡೂ ಮನೆಯವರನ್ನು ಅವರವರ ಮನೆಯಲ್ಲೇ ಮೊದಲು ಕಂಡು ಬಾ ಎಂದಷ್ಟೇ ಹೇಳಿ ಹಿಂದಿರುಗಿಸಿದರು. ಲೇಖನ ಈಗ ಪೆಟ್ಟಿಗೆಯ ತಳದಲ್ಲಿದೆ.

ಇನ್ನು ಜೋಹರ್. ಎರಡನೆಯ ಶತಮಾನದ ಗಲಿಲಿಯ ಗುರು ಶಿಮೋನ್ ಬಾರ್ ಯೋಹಾಯ್ ಅವರ ವಾಣಿಯೆಂದು ಪರಂಪರೆ ನಂಬುತ್ತದೆ. ಅದು ಬೆಳಕಿಗೆ ಬಂದದ್ದು 1280ರ ನಂತರ ಕ್ಯಾಸ್ಟೀಲ್‌ನಲ್ಲಿ, ಮೋಸೆಸ್ ಡಿ ಲಿಯೋನ್ ಎಂಬವನ ಮೂಲಕ. ಅವನು 1305ರಲ್ಲಿ ತೀರಿಕೊಂಡ. ಮೂಲ ಪ್ರತಿಯನ್ನು ಹುಡುಕಿಕೊಂಡು ಬಂದ ಆಕ್ರೆಯ ಐಸಾಕ್ ಎಂಬವನಿಗೆ, ಮೂಲವೆಂಬುದೇ ಇರಲಿಲ್ಲ, ಗಂಡ ತನ್ನ ಮನಸ್ಸಿನಿಂದಲೇ ಬರೆಯುತ್ತಿದ್ದ ಎಂದು ಆತನ ವಿಧವೆ ಹೇಳಿದಳೆಂಬ ಸುದ್ದಿ ತಲುಪಿತು. ಶೋಲೆಮ್ ಭಾಷೆಯ ಪರೀಕ್ಷೆಯಿಂದ ಆ ಮಾತನ್ನೇ ಬಹುಮಟ್ಟಿಗೆ ಸ್ಥಿರಪಡಿಸಿದರು. ಒಬ್ಬನಲ್ಲ, ಒಂದು ಬಳಗ ಸೇರಿ ಬರೆದದ್ದು ಎಂದು ಯೆಹೂದಾ ಲೀಬೆಸ್ ಆಮೇಲೆ ವಾದಿಸಿದರು. ಡೇನಿಯಲ್ ಮ್ಯಾಟ್ ಮತ್ತು ಇಬ್ಬರು ಸಹವಿದ್ವಾಂಸರ ಇಂಗ್ಲಿಷ್ ಅನುವಾದ 2004ರಿಂದ 2017ರ ನಡುವೆ 12 ಸಂಪುಟಗಳಲ್ಲಿ ಮುಗಿಯಿತು. ಮೊದಲ ಸಂಪುಟದ ಮೊದಲ ಪುಟದಿಂದ ತೊಡಗಬೇಡಿರಿ, ಮುಳುಗುತ್ತೀರಿ. ನನ್ನ ಸಲಹೆ ಕೇಳುವುದಾದರೆ, ಕತ್ತೆ ಹೊಡೆಯುವ ಮುದುಕನ ಪ್ರಸಂಗದಿಂದ ತೊಡಗಿರಿ. ದಾರಿಯುದ್ದಕ್ಕೂ ಅರ್ಥವಿಲ್ಲದ ಒಗಟು ಹೇಳಿ ತನ್ನನ್ನು ಕಾಡಿದನೆಂದು ರಬ್ಬಿ ಯೋಸೆ ಗೊಣಗುತ್ತಾನೆ. ರಬ್ಬಿ ಹಿಯಾ, ಇರಲಿ, ಕೇಳೋಣ ಎನ್ನುತ್ತಾನೆ. ಮುದುಕ ಬಾಯಿ ತೆರೆದಾಗ ಇಬ್ಬರೂ ದಂಗಾಗುತ್ತಾರೆ. ಅರಮನೆಯ ಕಿಂಡಿಯಿಂದ ತನ್ನ ಪ್ರಿಯನಿಗೆ ಮಾತ್ರ ಕ್ಷಣಮಾತ್ರ ಮುಖ ತೋರಿ ಮರೆಯಾಗುವ ಕನ್ಯೆಯೇ ಶಾಸ್ತ್ರ ಎಂಬ ದೃಷ್ಟಾಂತ ಆತನದು. ಕಾಯಕದವನ ಬಾಯಿಂದ ಪಂಡಿತರು ಪಾಠ ಕಲಿಯುವ ಕಥೆಯಾದುದರಿಂದ ನಮ್ಮ ಓದುಗರಿಗೆ ಇದು ಅನ್ಯವೆನಿಸದು.

ವಯಸ್ಸಿನ ನಿರ್ಬಂಧದ ಮಾತನ್ನು ಅನೇಕರು ಕೇಳಿರಬಹುದು. ಅದಕ್ಕೊಂದು ಚರಿತ್ರೆಯಿದೆ. ಸಬ್ಬತಾಯ್ ಸೆವಿ ಎಂಬಾತ 1665ರಲ್ಲಿ ತಾನೇ ರಕ್ಷಕನೆಂದು ಘೋಷಿಸಲ್ಪಟ್ಟು, ಜನ ಮನೆಮಠ ಮಾರಿ ಹೊರಡಲು ಸಿದ್ಧರಾಗಿದ್ದಾಗ, 1666ರಲ್ಲಿ ಇಸ್ಲಾಮಿಗೆ ಮತಾಂತರಗೊಂಡ. ಆ ಗಾಯ ನೂರು ವರ್ಷ ಮಾಯಲಿಲ್ಲ. ಅವನ ಗುಪ್ತ ಅನುಯಾಯಿಗಳಿಂದ ಪೋಲೆಂಡಿನಲ್ಲಿ ಪುನಃ ಗೊಂದಲವೆದ್ದಾಗ, 1756ರಲ್ಲಿ ಬ್ರೋಡಿ ಪಟ್ಟಣದ ಸಭೆ, 30 ತುಂಬದವರು ಜೋಹರ್ ಓದಬಾರದು, 40 ತುಂಬದವರು ಲೂರಿಯಾ ಬೋಧೆಯನ್ನು ಓದಬಾರದು ಎಂದು ಕಟ್ಟಳೆ ಮಾಡಿತು. ಆ ಲೆಕ್ಕದಲ್ಲಿ ಜೋಹರಿಗೆ ನನಗೆ ಅರ್ಹತೆ ಬಂದಿದೆ, ಲೂರಿಯಾನಿಗೆ ಇನ್ನೂ ಕೆಲವು ವರ್ಷ ಬಾಕಿ.

ಈಗ ಪ್ರಯೋಗದ ಮಾತು. ಯುವಕರು ನಿಜವಾಗಿ ಕೇಳಿದ್ದು ಇದನ್ನೇ. 'ಪ್ರಾಯೋಗಿಕ ಕಬ್ಬಾಲಾ' ಎಂಬುದು ಆ ಪರಂಪರೆಯಲ್ಲಿ ಇಲ್ಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ದೇವದೂತರ ನಾಮಗಳು, ತಾಯಿತಗಳು, ಪ್ರಮಾಣ ಹಾಕಿ ಕರೆಯುವ ಮಂತ್ರಗಳು ಕಬ್ಬಾಲಾಕ್ಕಿಂತಲೂ ಹಳೆಯವು. ಶುದ್ಧಿಯ ಸಾಧನಗಳು ಇಲ್ಲದ ಈ ಕಾಲದಲ್ಲಿ ಅವನ್ನು ಮುಟ್ಟಬಾರದೆಂದು ಲೂರಿಯಾ ಶಿಷ್ಯನನ್ನು ತಡೆದನೆಂಬುದೂ ಅಷ್ಟೇ ನಿಜ. ಇದರ ಚರಿತ್ರೆಗೆ ಜೋಶುವಾ ಟ್ರಾಕ್ಟೆನ್‌ಬರ್ಗ್ ಅವರ 'ಜ್ಯೂಯಿಶ್ ಮ್ಯಾಜಿಕ್ ಅಂಡ್ ಸೂಪರ್‌ಸ್ಟಿಷನ್' (1939) ಹಳೆಯದಾದರೂ ಸರಸವಾದ ಗ್ರಂಥ. ಗಿಡಿಯೋನ್ ಬೊಹಾಕ್ ಅವರ 'ಏನ್ಷಿಯಂಟ್ ಜ್ಯೂಯಿಶ್ ಮ್ಯಾಜಿಕ್' (2008) ಗಟ್ಟಿಯಾದದ್ದು. ಬೊಹಾಕ್ ಬಳಸುವ ಆಕರಗಳಲ್ಲಿ ಕೈರೋ ನಗರದ ಗೆನಿಜಾದ ಹರಕು ಹಾಳೆಗಳೂ ಸೇರಿವೆ. ಗೆನಿಜಾ ಎಂದರೆ ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯದೆ ಇಡುತ್ತಿದ್ದ ಕೋಣೆ. ಓದುಗರಿಗೆ ಒಂದು ಸಂತೋಷದ ಸಂಗತಿ: ತಾಯಿತಗಳು ಸಿಕ್ಕ ಅದೇ ಕೋಣೆಯಲ್ಲಿ ನಮ್ಮ ಮಂಗಳೂರಿನಲ್ಲಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳೂ ಸಿಕ್ಕವು. ಆತ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಆಶು ಎಂಬ ತುಳುನಾಡಿನ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ, ಅವನ ಬಳಿ ಬೊಮ್ಮನೆಂಬ ಆಳು ಇದ್ದ. ಅಮಿತಾವ್ ಘೋಷ್ ಅವರ 'ಇನ್ ಆನ್ ಆಂಟಿಕ್ ಲ್ಯಾಂಡ್' (1992) ಈ ಬೊಮ್ಮನ ಜಾಡು ಹಿಡಿದು ಬರೆದ ಗ್ರಂಥ. ಅದು ನಮ್ಮ ಶರಣರ ಶತಮಾನವೂ ಹೌದು.

ತಾಯಿತದ ವಿಷಯದಲ್ಲಿ ನನ್ನನ್ನು ಅಲುಗಾಡಿಸಿದ್ದು ಒಂದು ಜಗಳದ ಕಥೆ. ಯೋನಾತನ್ ಐಬೆಶೂಟ್ಸ್ ಎಂಬ ಮಹಾಪಂಡಿತ 1750ರಲ್ಲಿ ಹ್ಯಾಂಬರ್ಗ್ ಬಳಿಯ ಆಲ್ಟೋನಾಕ್ಕೆ ಗುರುವಾಗಿ ಬಂದ. ಹೆರಿಗೆಯ ಹೆಂಗಸರಿಗೆ ತಾಯಿತ ಬರೆದುಕೊಡುತ್ತಿದ್ದ. ಅವುಗಳನ್ನು ಬಿಚ್ಚಿ ನೋಡಿದ ಯಾಕೋಬ್ ಎಂಡೆನ್ ಎಂಬ ಇನ್ನೊಬ್ಬ ಪಂಡಿತ, ಇದರಲ್ಲಿ ಸಬ್ಬತಾಯ್ ಸೆವಿಯ ಹೆಸರನ್ನು ಗುಪ್ತಾಕ್ಷರದಲ್ಲಿ ಅಡಗಿಸಲಾಗಿದೆ ಎಂದು 1751ರಲ್ಲಿ ಗುಲ್ಲೆಬ್ಬಿಸಿದ. ಯುರೋಪಿನ ಯೆಹೂದಿ ಸಮಾಜವೇ ಎರಡು ಹೋಳಾಯಿತು, ರಾಜರವರೆಗೆ ದೂರು ಹೋಯಿತು. ಈ ಕುರಿತು ಪುಟಗಟ್ಟಲೆ ಓದಿದ ಮೇಲೆ ನನಗೆ ಹೊಳೆದದ್ದು, ಪಂಡಿತರಿಬ್ಬರ ಗ್ರಂಥಗಳೆಲ್ಲ ಉಳಿದಿವೆ, ಆ ತಾಯಿತ ಕೊರಳಲ್ಲಿ ಕಟ್ಟಿಕೊಂಡು ನೋವು ತಿಂದ ಹೆಂಗಸರು ಏನೆಂದರು ಎಂಬುದು ನಾನು ಓದಿದ ಯಾವ ಪುಟದಲ್ಲೂ ಇರಲಿಲ್ಲ ಎಂಬುದು. ನಾನೂ ನನ್ನ ಮಡದಿಯನ್ನು ಕೇಳಿರಲಿಲ್ಲ.

ಗೂಢ ತತ್ತ್ವಶಾಸ್ತ್ರವನ್ನು ಓದಬಯಸುವವರಿಗೆ ಹೆಬ್ಬಾಗಿಲು ಅಗ್ರಿಪ್ಪಾ. ಅದಕ್ಕೆ ಮುನ್ನ ಪಿಕೋ 1486ರಲ್ಲಿ 900 ಪ್ರಮೇಯಗಳನ್ನು ಪ್ರಕಟಿಸಿ ಕಬ್ಬಾಲಾವನ್ನು ಕ್ರೈಸ್ತರ ಅಂಗಳಕ್ಕೆ ತಂದಿದ್ದ, ರಾಯ್ಖ್ಲಿನ್ ಯೆಹೂದಿ ಗ್ರಂಥಗಳನ್ನು ಸುಡಬಾರದೆಂದು ಹೋರಾಡಿದ್ದ. ಅಗ್ರಿಪ್ಪಾ 1510ರಲ್ಲಿ ಯುವಕನಾಗಿದ್ದಾಗ 'ಗೂಢ ತತ್ತ್ವ'ದ ಮೊದಲ ಕರಡನ್ನು ಬರೆದು, 1533ರಲ್ಲಿ ಕೊಲೋನ್‌ನಲ್ಲಿ ಮೂರು ಭಾಗವಾಗಿ ಅಚ್ಚು ಹಾಕಿಸಿದ: ಭೂತಗಳ ಲೋಕ, ಗ್ರಹನಕ್ಷತ್ರಗಳ ಲೋಕ, ಬುದ್ಧಿಯ ಲೋಕ. ಎರಡನೆಯ ಭಾಗದಲ್ಲಿ ಶನಿಯ ಚೌಕವಿದೆ, ಯಾವ ಸಾಲು ಕೂಡಿದರೂ 15. ನಮ್ಮ ಪಂಚಾಂಗದ ಅಂಗಡಿಯಲ್ಲಿ ಸಿಗುವ ಹದಿನೈದರ ಯಂತ್ರವನ್ನು ಕಂಡವರಿಗೆ ಪರಿಚಿತ ಮುಖ. ವಿಚಿತ್ರವೆಂದರೆ, ಇದು ಅಚ್ಚಾಗುವ ಮೊದಲೇ, 1530ರಲ್ಲಿ, ಎಲ್ಲ ವಿದ್ಯೆಗಳೂ ವ್ಯರ್ಥ, ಮಾಂತ್ರಿಕವೂ ಸೇರಿ, ಎಂಬ ಇನ್ನೊಂದು ಗ್ರಂಥವನ್ನು ಆತ ಪ್ರಕಟಿಸಿದ್ದ. 1533ರ ಮುದ್ರಣದ ಕೊನೆಗೆ ಆ ಖಂಡನೆಯ ಅಧ್ಯಾಯಗಳನ್ನೂ ಸೇರಿಸಿದ. ಭಯವೋ, ಪ್ರಾಮಾಣಿಕತೆಯೋ? ನನಗೆ ಎರಡೂ ಎನಿಸುತ್ತದೆ. 1519ರಲ್ಲಿ ಮೆಟ್ಸ್ ನಗರದಲ್ಲಿ ಮಾಟಗಾತಿಯೆಂದು ಆರೋಪಿತಳಾದ ಒಬ್ಬ ಬಡ ಹೆಂಗಸನ್ನು ವಾದಿಸಿ ಬಿಡಿಸಿದವನೂ ಇವನೇ. ಎರಿಕ್ ಪರ್ಡ್ಯೂ ಅವರ 2021ರ ಹೊಸ ಅನುವಾದ ಓದಿರಿ, ಜೊತೆಗೆ ಮಾಂತ್ರಿಕ ಗ್ರಂಥಗಳ ಚರಿತ್ರೆಯಾದ ಓವನ್ ಡೇವಿಸ್ ಅವರ 'ಗ್ರಿಮ್ವಾರ್ಸ್' (2009). ಫ್ರಾನ್ಸಿಸ್ ಯೇಟ್ಸ್ ಸೊಗಸಾಗಿ ಬರೆಯುತ್ತಾರೆ, ಆದರೆ ಅವರ ತೀರ್ಮಾನಗಳನ್ನು ಆಮೇಲಿನವರು ಬಹಳಷ್ಟು ತಿದ್ದಿದ್ದಾರೆ. ಡಿಯಾನ್ ಫಾರ್ಚೂನ್ ಮುಂತಾದ ಮೂರನೆಯ ಮನೆಯವರನ್ನು ಕೊನೆಗೆ ಓದಿದರೂ ನಷ್ಟವಿಲ್ಲ.

ನನ್ನ ಕಾಗದದ ಕಥೆ ಬಾಕಿಯಿದೆ. ಮಗಳು ಒಂಬತ್ತು ತಿಂಗಳು ತುಂಬಿ ಆರೋಗ್ಯವಾಗಿ ಹುಟ್ಟಿದಳು. ಈಗ ಅವಳಿಗೆ ಐದು ವರ್ಷ. ಅವಳಿಗೆ ಒಂದು ವರ್ಷವಾದಾಗ ನಾನು ಹೀಬ್ರೂ ಅಕ್ಷರಮಾಲೆಯನ್ನು ಕ್ರಮವಾಗಿ ಕಲಿತೆ. ಹಳೆಯ ಕಾಗದವನ್ನು ತೆರೆದು ನೋಡಿದೆ. ಸಾಮೆಖ್ ಎಂಬ ಅಕ್ಷರ ದುಂಡಗಿರುತ್ತದೆ, ಕೊನೆಯ ಮೇಮ್ ಎಂಬ ಅಕ್ಷರ ಚೌಕವಾಗಿರುತ್ತದೆ. ಹೊಸಬರ ಕಣ್ಣಿಗೆ ಎರಡೂ ಒಂದೇ. ಮೂರು ಹೆಸರುಗಳೂ ಸಾಮೆಖ್‌ನಿಂದ ಆರಂಭವಾಗಬೇಕು. ಪದದ ಕೊನೆಯಲ್ಲಿ ಬರುವ ಅಕ್ಷರ ನನ್ನ ಮೂರೂ ಹೆಸರುಗಳ ತಲೆಯಲ್ಲಿ ಕುಳಿತಿತ್ತು. ಮಡದಿಗೆ ಅಂದು ಎಲ್ಲವನ್ನೂ ಹೇಳಿದೆ. ದಿಂಬು ಕೊಡವುವಾಗ ಮೂರನೆಯ ದಿನವೇ ಕಂಡಿದ್ದಳಂತೆ. "ನಿಮ್ಮ ಅಕ್ಷರ ಅಂತ ಗೊತ್ತಾಯಿತು. ನಿಮಗೂ ಹೆದರಿಕೆ ಇದೆ ಅಂತ ಗೊತ್ತಾಗಿ ಸ್ವಲ್ಪ ಧೈರ್ಯ ಬಂತು. ಅಲ್ಲೇ ಇಟ್ಟೆ" ಎಂದಳು.

ಆ ಯುವಕರು ಯೋಸೆಫ್ ಡಾನ್ ಅವರನ್ನು ಓದಿ ಹಿಂದಿರುಗಿಸಿ, ಮೂರನೆಯ ಸಲ ಬಂದಾಗ ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ: ಪ್ರಯೋಗ ಏತಕ್ಕೆ? ಅವರ ಅಣ್ಣ ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು, ಸುದ್ದಿಯಿರಲಿಲ್ಲ. ಕಳೆದವರನ್ನು ಕರೆತರುವ ದೇವದೂತನ ಪೂಜೆ ಮಾಡಿಸುವುದಾಗಿ ಫೋನಿನಲ್ಲಿ ಯಾರೋ ಹನ್ನೊಂದು ಸಾವಿರ ರೂಪಾಯಿ ಪಡೆದಿದ್ದರು. ಪೊಲೀಸ್ ಠಾಣೆಗೆ ಇನ್ನೂ ಹೋಗಿರಲಿಲ್ಲ, ಮನೆಯ ಮಾನ ಹೋದೀತೆಂದು. ಮಾರನೆಯ ದಿನ ಇಬ್ಬರೂ ಹೋಗಿ ದೂರು ಕೊಟ್ಟು ಬಂದೆವು. ಹಿಂದಿರುಗುವಾಗ ಅವರಿಗೆ ನನ್ನ ಕಾಗದವನ್ನು ತೋರಿಸಿದೆ. ತಪ್ಪಾದ ಅಕ್ಷರಗಳು ಯಾವುವೆಂದು ಕೇಳಿದರು, ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿ, ಇದ್ದ ಮಡಿಕೆಗಳಲ್ಲೇ ಮಡಿಸಿ ನನ್ನ ಕೈಗಿತ್ತರು.

ಅಣ್ಣನ ಸುದ್ದಿ ಇನ್ನೂ ಬಂದಿಲ್ಲ. ಶೋಲೆಮ್ ಅವರ ಗ್ರಂಥ ಈಗ ಅವರ ಬಳಿಯಿದೆ. ಅವಧಿ ಮುಗಿದಿದೆ, ನಾನು ಕೇಳಿಲ್ಲ.